ಹಗ್ಗದ ಬೆಟ್ಟಕ್ಕೆ ಪಾಸು ಬಂದ ವರ್ಷ

ಆಕ್ಲೆಂಡಿನ ಹೆಂಡರ್ಸನ್ ಬಡಾವಣೆಯಲ್ಲಿ ನಮ್ಮ ಪಕ್ಕದ ಮನೆಯವನು ಮೊನ್ನೆ ಶನಿವಾರ ಗ್ಯಾರೇಜಿನ ಬಾಗಿಲು ತೆರೆದಿಟ್ಟುಕೊಂಡು, ಹಳೆಯ ಇಸ್ತ್ರಿಪೆಟ್ಟಿಗೆಯೊಂದನ್ನು ಕಾಯಿಸಿ, ತನ್ನ ಸ್ಕೀಗಳ ಅಡಿಗೆ ಮೇಣ ಬಳಿಯುತ್ತಿದ್ದ. ಒಣಗಿದ ಬಟ್ಟೆ ತೆಗೆಯಲು ಹೊರಗೆ ಬಂದ ನಾನು ತಂತಿಯ ಹತ್ತಿರವೇ ನಿಂತುಬಿಟ್ಟೆ. ಕಾದ ಮೇಣ, ಅದರೊಳಗೆ ತುಸು ಸುಟ್ಟ ಪ್ಲಾಸ್ಟಿಕ್ಕು, ಒದ್ದೆ ಉಣ್ಣೆ. ಈ ಊರಿನಲ್ಲಿ ಆ ವಾಸನೆ ಮೂಗಿಗೆ ಬೀಳುವುದೇ ಅಪರೂಪ.

"ಈ ವರ್ಷ ಸ್ಕೀ ಪಾಸ್ ತಗೊಂಡೆ," ಎಂದ ಅವನು ಖುಷಿಯಿಂದ. "ಒಂದೇ ಪಾಸು, ಎಷ್ಟೊಂದು ಬೆಟ್ಟ! ಸೌತ್ ಐಲೆಂಡಿನ ಸಣ್ಣ ಸಣ್ಣ ಕ್ಲಬ್ಬುಗಳೂ ಸೇರಿವೆ."

ಯಾವ ಕ್ಲಬ್ಬುಗಳು ಎಂದು ಕೇಳಿದೆ. ಅವನು ಹೇಳಿದ ಹೆಸರುಗಳಲ್ಲಿ ನನಗೆ ಗೊತ್ತಿದ್ದ ಹೆಸರೂ ಇತ್ತು. ಚೆನ್ನಾಗಿ ಹೋಗಿಬನ್ನಿ ಎಂದು ಹೇಳಿ ಒಳಗೆ ಬಂದೆ. ಅರ್ಧ ಬಟ್ಟೆ ತಂತಿಯ ಮೇಲೇ ಉಳಿದಿತ್ತು.

ಎರಡು ಸಾವಿರದ ಹತ್ತರ ದಶಕದ ನಡುವಿನ ಒಂದು ಚಳಿಗಾಲದ ಮಾತು. ಮೈಸೂರಿನಲ್ಲಿ ಫಿಸಿಯೋಥೆರಪಿ ಓದಿದ್ದ ನಾನು ನ್ಯೂಜಿಲೆಂಡಿಗೆ ಬಂದು, ಇಲ್ಲಿನ ಪರೀಕ್ಷೆಗಳನ್ನೆಲ್ಲ ದಾಟಿ, ಕೆಲಸ ಮಾಡಲು ಅನುಮತಿ ಪಡೆದು ಹೆಚ್ಚು ಕಾಲವಾಗಿರಲಿಲ್ಲ. ಸೌತ್ ಐಲೆಂಡಿನ ಒಂದು ಸಣ್ಣ ಊರಿನ ಚಿಕಿತ್ಸಾಲಯದಲ್ಲಿ ಫಿಸಿಯೋ ಹೆರಿಗೆ ರಜೆಗೆ ಹೋಗಿದ್ದಳು. ಜೂನ್‌ನಿಂದ ಅಕ್ಟೋಬರ್‌ವರೆಗೆ ಅವಳ ಜಾಗದಲ್ಲಿ ಕೂರಲು ಒಬ್ಬರು ಬೇಕಾಗಿತ್ತು. ಒಂಟಿ ಹುಡುಗಿ, ಎರಡು ಸೂಟ್‌ಕೇಸು, ಎಲ್ಲಿಗಾದರೇನು ಎಂದು ಒಪ್ಪಿಕೊಂಡೆ.

ಊರೆಂದರೆ ಒಂದೇ ಬೀದಿ. ಪೆಟ್ರೋಲ್ ಬಂಕು, ಹಾಲು ಬ್ರೆಡ್ಡು ಮಾರುವ ಡೈರಿ, ಪಬ್ಬು, ಶಾಲೆ, ಚಿಕಿತ್ಸಾಲಯ. ಬೀದಿ ಮುಗಿದಲ್ಲಿ ಕುರಿಗಳ ಬಯಲು, ಬಯಲು ಮುಗಿದಲ್ಲಿ ಬೆಟ್ಟ. ಆ ಬೆಟ್ಟದ ಮೇಲೆ ಊರಿನವರೇ ನಡೆಸುವ ಒಂದು ಸ್ಕೀ ಕ್ಲಬ್ಬು. ಚಿಕಿತ್ಸಾಲಯದ ರಿಸೆಪ್ಷನಿಸ್ಟ್ ಲಿನ್ ತನ್ನ ಮನೆಯ ಹಿತ್ತಲಿನ ಕೋಣೆಯನ್ನು ನನಗೆ ಬಾಡಿಗೆಗೆ ಕೊಟ್ಟಿದ್ದಳು. ಕೀಲಿಕೈ ಕೊಡುವ ಮುಂಚೆ ಅವಳು ಕೇಳಿದ ಮೊದಲ ಪ್ರಶ್ನೆ ಇದು:

"ನೀನು ಆ ಪಾಸ್ ಕಂಪನಿಯ ಕಡೆಯವಳಲ್ಲ ತಾನೇ?"

ಯಾವ ಪಾಸು, ಯಾವ ಕಂಪನಿ ಎಂಬುದೇ ನನಗೆ ಗೊತ್ತಿರಲಿಲ್ಲ. ಅಲ್ಲ ಎಂದೆ. ಅವಳು ನಂಬಿದ ಹಾಗೆ ಕಾಣಲಿಲ್ಲ. ಆ ವಾರವಿಡೀ ಡೈರಿಯಲ್ಲಿ, ಬಂಕಿನಲ್ಲಿ ಜನ ನನ್ನನ್ನು ಮೇಲಿಂದ ಕೆಳಗೆ ನೋಡಿ ಅರ್ಧ ಮಾತಿನಲ್ಲೇ ನಿಲ್ಲಿಸುತ್ತಿದ್ದರು. ನನ್ನ ಮೈಬಣ್ಣಕ್ಕೆ ಇರಬೇಕು ಅಂದುಕೊಂಡಿದ್ದೆ. ಆಮೇಲೆ ತಿಳಿಯಿತು, ಆ ಚಳಿಗಾಲ ಊರಿಗೆ ಹೊಸದಾಗಿ ಬಂದ ಯಾರನ್ನೂ ಅವರು ಹಾಗೇ ನೋಡುತ್ತಿದ್ದರು.

ವಿಷಯ ಬಿಡಿಸಿ ಹೇಳಿದವರು ಡಾಕ್ಟರ್ ಇಲಿಯಾಸ್. ಹುಬ್ಬಳ್ಳಿಯವರು, ಅದೇ ಚಿಕಿತ್ಸಾಲಯದ ಹಿರಿಯ ವೈದ್ಯರು, ನಾನು ಹುಟ್ಟಿದ ಸುಮಾರಿಗೆ ಆ ಊರಿಗೆ ಬಂದು ನಿಂತವರು. ನನ್ನ ಹೆಸರು ರೇವತಿ ಎಂದು ಕಂಡ ಕೂಡಲೇ ಬಾಗಿಲು ತಟ್ಟಿ ಒಳಗೆ ಬಂದು, "ಕನ್ನಡ ಬರ್ತೈತೇನವಾ?" ಎಂದು ಕೇಳಿದ್ದರು. ಬರುತ್ತದೆ ಎಂದಾಗ ಕುರ್ಚಿ ಎಳೆದುಕೊಂಡು ಕೂತವರು ಮುಂದಿನ ರೋಗಿ ಬಂದರೂ ಏಳಲಿಲ್ಲ. ಸ್ಕೀ ಕಲಿತದ್ದು ನಲವತ್ತು ದಾಟಿದ ಮೇಲೆ. ಕಲಿಸಿದವರು ಕ್ಲಬ್ಬಿನ ಅಧ್ಯಕ್ಷ ಗ್ರಾಂಟ್. ಅಂದಿನಿಂದ ಪ್ರತಿ ಭಾನುವಾರ ಬೆಟ್ಟದ ಮೇಲಿನ ಪ್ರಥಮ ಚಿಕಿತ್ಸೆಯ ಗುಡಿಸಲು ಡಾಕ್ಟರದ್ದು, ಹಗ್ಗ ಗ್ರಾಂಟ್‌ದು.

"ನೋಡು ತಂಗಿ," ಎಂದರು ಒಂದು ಮಧ್ಯಾಹ್ನ, ಚಹದ ಮಗ್ಗು ಹಿಡಿದುಕೊಂಡು. "ಆ ಕಡೆ ದೊಡ್ಡ ಕಂಪನಿ ಒಂದೈತಿ. ಚೇರ್‌ಲಿಫ್ಟು, ಹೋಟೆಲು ಎಲ್ಲಾ ಇರೋ ದೊಡ್ಡ ದೊಡ್ಡ ಬೆಟ್ಟ ಅವರ ಕೈಯಾಗ ಅವ. ಅವರ ಸೀಸನ್ ಪಾಸ್ ಇದ್ದವರು ಇನ್ನ ಮ್ಯಾಲೆ ನಮ್ಮ ಬೆಟ್ಟಕ್ಕೂ ಕೆಲವು ದಿನ ಬರಬಹುದಂತ. ನಮ್ಮ ಮೆಂಬರು ಅವರ ಬೆಟ್ಟಕ್ಕ ಅಷ್ಟೇ ದಿನ ಹೋಗಬಹುದಂತ. ಬಂದವರ ಲೆಕ್ಕಾ ನೋಡಿ ಕಂಪನಿ ನಮಗ ರೊಕ್ಕಾನೂ ಕೊಡ್ತೈತಂತ."

"ಒಳ್ಳೇದೇ ಅಲ್ವಾ ಸರ್?"

"ನೋಡಾಕ ಛಲೋ ಐತಿ. ಅದಕ್ಕ ನನಗ ಸಂಶಯ." ಅವರು ಬಾಗಿಲ ಕಡೆ ನೋಡಿ ದನಿ ತಗ್ಗಿಸಿದರು. ಕನ್ನಡದಲ್ಲಿ ಆಡುವಾಗಲೂ ದನಿ ತಗ್ಗಿಸುವುದು ಆ ಚಳಿಗಾಲ ಎಲ್ಲರಿಗೂ ಅಂಟಿದ್ದ ರೋಗ. "ನಮ್ಮಂಥ ಹಳೇ ಹಗ್ಗದ ಬೆಟ್ಟಕ್ಕ ಅವರು ಯಾಕ ಬರ್ತಾರ, ಹೇಳು? ಅವರಿಗೆ ಬೇಕಾಗಿದ್ದು ನಮ್ಮ ಹುಡುಗ್ರು. ಒಮ್ಮೆ ಅಲ್ಲಿ ಕುರ್ಚಿ ಮ್ಯಾಲೆ ಕುಂತು ಮ್ಯಾಲೆ ಹೋದ ಹುಡುಗ್ರು ತಿರುಗಿ ಇಲ್ಲಿ ಬಂದು ಹಗ್ಗಾ ಹಿಡೀತಾರೇನು?"

"ಹಾಗಾದ್ರೆ ಕ್ಲಬ್ಬಿನವರು ಯಾಕೆ ಒಪ್ಪಿದ್ರು?"

"ಕ್ಲಬ್ಬಿನವರಲ್ಲ. ಗ್ರಾಂಟ್ ಒಪ್ಪಿಸಿದ." ಮಗ್ಗನ್ನು ಮೇಜಿನ ಮೇಲಿಟ್ಟರು. "ಅವನ ತಲಿಯಾಗ ಏನೋ ಐತಿ. ನನ್ನ ಮುಂದ ಬಾಯಿ ಬಿಡವಲ್ಲ."

ಹಗ್ಗ ಎಂದರೇನು ಎಂದು ನನಗೆ ಅರ್ಥವಾದದ್ದು ಜುಲೈನ ಮೊದಲ ಭಾನುವಾರ, ಡಾಕ್ಟರು ನನ್ನನ್ನು ಇಲ್ಲಿಯವರು ಯೂಟ್ ಎನ್ನುವ ತಮ್ಮ ಪಿಕಪ್ ಗಾಡಿಯಲ್ಲಿ ಕೂರಿಸಿಕೊಂಡು ಮೇಲೆ ಕರೆದುಕೊಂಡು ಹೋದಾಗ. ಚಕ್ರಗಳಿಗೆ ಸರಪಳಿ ಕಟ್ಟಿ, ಒಂದು ಕಡೆ ಕೊರಕಲು ಇನ್ನೊಂದು ಕಡೆ ಜಾರುಗಲ್ಲಿನ ದಾರಿಯಲ್ಲಿ ಏರಬೇಕು. ಮೇಲೆ ಒಂದು ಮರದ ಲಾಡ್ಜು, ಒಂದು ಎಂಜಿನ್ ಮನೆ. ಅಲ್ಲಿಂದ ಬೆಟ್ಟದ ನೆತ್ತಿಯವರೆಗೆ ರಾಟೆಗಳ ಮೇಲೆ ನಿಲ್ಲದೆ ಓಡುವ ದಪ್ಪ ಹಗ್ಗ. ಸೊಂಟಕ್ಕೆ ಒಂದು ಬೆಲ್ಟು, ಬೆಲ್ಟಿಗೆ ತೂಗುವ ಕಬ್ಬಿಣದ ಇಕ್ಕಳ. ಓಡುವ ಹಗ್ಗವನ್ನು ಕೈಯಲ್ಲಿ ಹಿಡಿದು, ಅದರ ವೇಗಕ್ಕೆ ಹೊಂದಿಕೊಂಡು, ಇಕ್ಕಳವನ್ನು ಅದರ ಮೇಲೆ ಬೀಸಿ ಮುಚ್ಚಬೇಕು. ಆ ಇಕ್ಕಳ ಥೇಟ್ ನಮ್ಮಜ್ಜಿಯ ಅಡಕತ್ತರಿ. ಮುಚ್ಚಿತೋ, ಹಗ್ಗ ನಿಮ್ಮನ್ನು ಎಳೆದುಕೊಂಡು ಹೋಗುತ್ತದೆ. ಮುಚ್ಚಲಿಲ್ಲವೋ, ಮಂಜಿನಲ್ಲಿ ಮುಖ ಕೆಳಗಾಗಿ ಬೀಳುತ್ತೀರಿ. ನಾನು ಬೀಳುತ್ತಲೇ ಇದ್ದೆ. ಹಿಂದೆ ಸಾಲಿನಲ್ಲಿದ್ದ ರೈತನೊಬ್ಬ ಬೇಸರಿಸದೆ ಪ್ರತಿಸಲವೂ ನನ್ನ ಸ್ಕೀಗಳನ್ನು ಹುಡುಕಿ ತಂದುಕೊಟ್ಟ. ಮಧ್ಯಾಹ್ನದ ಹೊತ್ತಿಗೆ ಒಂದು ಸಲ ಇಕ್ಕಳ ಕಚ್ಚಿತು. ಕೈ ಉರಿಯುತ್ತಿತ್ತು, ಕಿವಿಯ ಪಕ್ಕ ಹಗ್ಗ ಗುಂಯ್‌ಗುಡುತ್ತಿತ್ತು. ನೆತ್ತಿ ತಲುಪಿ ತಿರುಗಿ ನೋಡಿದಾಗ ಇಡೀ ಬಯಲು, ನದಿಯ ಬೂದು ಎಳೆಗಳು, ಊರಿನ ಒಂದು ಚುಕ್ಕೆ. ಕೆಳಗೆ ಎಂಜಿನ್ ಮನೆಯ ಬಾಗಿಲಲ್ಲಿ ಒಬ್ಬ ಎತ್ತರದ ಮನುಷ್ಯ ನನ್ನ ಕಡೆ ಎಡಗೈ ಎತ್ತಿ ಬೀಸಿದ. ಅವರೇ ಗ್ರಾಂಟ್.

ಅಲ್ಲಿ ಸಂಬಳದ ಜನ ಇರಲಿಲ್ಲ. ಲಾಡ್ಜಿನಲ್ಲಿ ಉಂಡವರೇ ಪಾತ್ರೆ ತೊಳೆಯಬೇಕು, ಶೌಚಾಲಯ ಗುಡಿಸಬೇಕು. ಬೇಸಿಗೆಯಲ್ಲಿ ಬಂದು ದಾರಿ ರಿಪೇರಿ ಮಾಡಬೇಕು, ರಾಟೆಗಳಿಗೆ ಗ್ರೀಸ್ ಹಚ್ಚಬೇಕು. ಹಗ್ಗದ ಎರಡು ತುದಿಗಳನ್ನು ಎಳೆ ಎಳೆಯಾಗಿ ಹೆಣೆದು ಒಂದು ಮಾಡುವ ಕೆಲಸ ಮಾತ್ರ ಯಾವಾಗಲೂ ಗ್ರಾಂಟ್‌ದು. ಆ ವರ್ಷ ಅದನ್ನು ಅವರು ಮಾಡಿರಲಿಲ್ಲ. ಕಂಪನಿಯ ಕಡೆಯಿಂದ ಒಬ್ಬ ತಂತ್ರಜ್ಞನನ್ನು ಕರೆಸಿ ಹೆಣೆಸಿದ್ದರು.

ಕೆಳಗಿಳಿಯುವಾಗ ಡಾಕ್ಟರು ಗೇರು ಬದಲಿಸುತ್ತ ಹೇಳಿದರು: "ಇಪ್ಪತ್ತು ವರ್ಷ ಆ ಹಗ್ಗಾನ ಇನ್ನೊಬ್ಬರ ಕೈಗೆ ಕೊಟ್ಟಾವಲ್ಲ. ಈಗ ಕಂಪನಿಯವರ ಕೈಗೆ ಕೊಟ್ಟಾನ. ಮೊದಲ ಹಗ್ಗ ಕೊಡ್ತಾನ, ಆಮ್ಯಾಲೆ ಬೆಟ್ಟ ಕೊಡ್ತಾನ. ಇದರ ಅರ್ಥ ಏನು?"

ನನಗೂ ಆಗ ಅದೇ ಅರ್ಥ ಕಂಡಿತು.

ಊರಿನಲ್ಲಿ ಮಾತು ಬೆಳೆಯುತ್ತ ಹೋಯಿತು. ಗ್ರಾಂಟ್ ಆಗಾಗ ಯಾರಿಗೂ ಹೇಳದೆ ಕ್ರೈಸ್ಟ್‌ಚರ್ಚ್‌ಗೆ ಹೋಗಿಬರುತ್ತಾರೆ ಎಂದು ಲಿನ್ ಹೇಳಿದಳು. ಅವರ ಟ್ರ್ಯಾಕ್ಟರ್ ರಿಪೇರಿ ಶೆಡ್ಡು ಆ ದಿನಗಳಲ್ಲಿ ಮುಚ್ಚಿರುತ್ತದೆ. "ಕಂಪನಿಯ ಆಫೀಸು ಇರೋದು ಅಲ್ಲೇ," ಎಂದು ಹುಬ್ಬು ಹಾರಿಸಿದಳು. ಅವರಿಗೆ ಅಲ್ಲಿ ದೊಡ್ಡ ಕೆಲಸ ಕೊಡುತ್ತಾರಂತೆ ಎಂದು ಬಂಕಿನವನು ಹೇಳಿದ. ಅವರು ಮೊದಲಿನ ಹಾಗೆ ನಗುವುದಿಲ್ಲ, ಮುಖ ಕೊಟ್ಟು ಮಾತಾಡುವುದಿಲ್ಲ, ಸ್ಕೀ ಹಾಕುವುದನ್ನೇ ಬಿಟ್ಟಿದ್ದಾರೆ ಎಂದು ಎಲ್ಲರೂ ಹೇಳಿದರು. ಹೇಳಿದವರೇ ಪಾಸಿನ ಲಾಭವನ್ನೂ ಪಡೆಯುತ್ತಿದ್ದರು. ಲಿನ್‌ಳ ಮಗಳು ಶಾಲಾ ರಜೆಯಲ್ಲಿ ಕಂಪನಿಯ ಬೆಟ್ಟಕ್ಕೆ ಹೋಗಿಬಂದಳು. ಮುಂದಿನ ಭಾನುವಾರ ಎಬ್ಬಿಸಿದರೆ ಅವಳು ಹೊದಿಕೆ ಎಳೆದುಕೊಂಡು, "ಆ ಹಗ್ಗದಲ್ಲಿ ಗ್ಲೋವ್ಸ್ ಹಾಳಾಗುತ್ತೆ ಮಮ್, ಅಲ್ಲಿ ಆದರೆ ಕೂತುಕೊಂಡು ಹೋಗಬಹುದು," ಎಂದಳು. ಲಿನ್ ಅದನ್ನು ನಗುತ್ತಲೇ ಹೇಳಿದಳು. ಡಾಕ್ಟರು ನಗಲಿಲ್ಲ.

ಗ್ರಾಂಟ್ ಚಿಕಿತ್ಸಾಲಯದ ನನ್ನ ಕೋಣೆಗೆ ಬಂದದ್ದು ಆ ದಿನಗಳಲ್ಲೇ. ಈ ದೇಶದಲ್ಲಿ ಫಿಸಿಯೋ ಹತ್ತಿರ ಬರಲು ಡಾಕ್ಟರ ಚೀಟಿ ಬೇಕಿಲ್ಲ. ಬಲ ಭುಜ ಬಿಗಿದಿದೆ, ಹಗ್ಗ ಎಳೆದೂ ಎಳೆದೂ ಹೀಗಾಗಿದೆ ಎಂದರು. ಒಂದು ತಿಂಗಳಿಂದ ಇಂಥ ಭುಜಗಳನ್ನು ದಿನಕ್ಕೊಂದು ನೋಡುತ್ತಿದ್ದವಳು ನಾನು. ಶಾಖ ಕೊಟ್ಟೆ, ವ್ಯಾಯಾಮ ಹೇಳಿಕೊಟ್ಟೆ. ಕೆಲವು ಸಲ ಬಂದರೂ ಭುಜ ಹಾಗೇ ಇತ್ತು. ಒಂದು ದಿನ ಅವರ ಮೊಣಕೈಯನ್ನು ಮಡಿಸಿ ಬಿಡಿಸುತ್ತಿದ್ದಾಗ ಅದು ಸಲೀಸಾಗಿ ಬರದೆ, ಹಲ್ಲಿನ ಚಕ್ರ ತಿರುಗಿದ ಹಾಗೆ ತಡೆದು ತಡೆದು ಬಂತು. ನಾನು ಮತ್ತೆ ಮಡಿಸಿದೆ, ಮತ್ತೆ ಬಿಡಿಸಿದೆ. ಕಿಟಕಿಯಾಚೆ ಮಳೆಯೊಂದಿಗೆ ಮಂಜು ಬೀಳುತ್ತಿತ್ತು. ಗ್ರಾಂಟ್ ಮೇಲ್ಚಾವಣಿ ನೋಡುತ್ತ ಮಲಗಿದ್ದರು.

"ಸ್ವಲ್ಪ ಕಾರಿಡಾರಿನಲ್ಲಿ ನಡೆದು ತೋರಿಸ್ತೀರಾ?" ಎಂದೆ.

ಅವರು ಏಳಲಿಲ್ಲ. "ನನ್ನ ಬಲಗೈ ಬೀಸಲ್ಲ. ಹೆಜ್ಜೆ ಚಿಕ್ಕದಾಗಿದೆ. ಅದನ್ನೇ ತಾನೇ ನೋಡಬೇಕು ನೀನು?"

"ನಿಮಗೆ ಗೊತ್ತಾ?"

"ಕ್ರೈಸ್ಟ್‌ಚರ್ಚ್‌ನಲ್ಲಿ ಹೇಳಿದರು. ಪಾರ್ಕಿನ್ಸನ್ಸ್. ಭುಜ ಮಾತ್ರ ಬೇರೆ ಏನಾದರೂ ಇರಬಹುದು ಅಂತ ಆಸೆ ಇತ್ತು."

ನಾನು ಸ್ಟೂಲಿನ ಮೇಲೆ ಕೂತೆ. ಒಂದೊಂದಾಗಿ ಎಲ್ಲವೂ ಮಗುಚಿಕೊಂಡಿತು: ಹಗ್ಗ ಹೆಣೆಯಲು ಹೊರಗಿನವನು, ನಗುವಿಲ್ಲದ ಮುಖ, ಬಿಟ್ಟ ಸ್ಕೀ, ಯಾರಿಗೂ ಹೇಳದ ಪ್ರಯಾಣಗಳು.

"ಡಾಕ್ಟರ್ ಇಲಿಯಾಸ್‌ಗೆ ಹೇಳಿಲ್ಲವಾ?"

"ಇಲ್ಲ. ನೀನೂ ಹೇಳಬೇಡ." ಅವರ ದನಿ ಆಗಲೇ ಮೆತ್ತಗಾಗಿತ್ತು, ಬಗ್ಗಿ ಕೇಳಬೇಕಿತ್ತು. "ಹಗ್ಗ ನೋಡಿಕೊಳ್ಳೋಕೆ ನನ್ನ ನಂತರ ಯಾರೂ ಇಲ್ಲ, ರೇವತಿ. ಊರಲ್ಲಿ ಹುಡುಗರೇ ಇಲ್ಲ. ಹೊರಗಿನ ಜನ ಬಂದರೆ ಒಬ್ಬ ಕೆಲಸಗಾರನನ್ನಾದರೂ ಇಟ್ಟುಕೊಳ್ಳಬಹುದು. ಅದಕ್ಕೇ ಆ ಪಾಸು."

"ಅದನ್ನೇ ಅವರಿಗೆ ಹೇಳಬಹುದಲ್ಲ. ಅವರು ನಿಮ್ಮ ಬಗ್ಗೆ ಏನೇನೋ ಅಂದ್ಕೊಂಡಿದ್ದಾರೆ."

"ಗೊತ್ತು. ಕಳ್ಳ ಅಂದ್ಕೊಂಡಿದ್ದಾನೆ." ಮೇಲ್ಚಾವಣಿ ನೋಡುತ್ತಲೇ ಹೇಳಿದರು, "ರೋಗ ಗೊತ್ತಾದರೆ ಆ ದಿನದಿಂದ ಅವನು ನನ್ನನ್ನ ರೋಗಿಯನ್ನ ನೋಡೋ ಹಾಗೆ ನೋಡ್ತಾನೆ. ಅದಕ್ಕಿಂತ ಕಳ್ಳನನ್ನ ನೋಡೋ ಹಾಗೆ ನೋಡಲಿ, ಪರವಾಗಿಲ್ಲ. ಈ ಒಂದು ಚಳಿಗಾಲ."

ರೋಗಿ ಹೇಳಿದ್ದು ನನ್ನ ಕೋಣೆ ದಾಟಿ ಹೋಗುವಂತಿರಲಿಲ್ಲ. ಈಗ ಬರೆಯುತ್ತಿರುವುದು ಅವರೇ ಆಮೇಲೆ ಊರಿನ ಮುಂದೆ ಹೇಳಿಕೊಂಡದ್ದರಿಂದ, ಬರೆಯಲು ಒಪ್ಪಿಗೆಯನ್ನೂ ಕೊಟ್ಟದ್ದರಿಂದ. ಆಗ ಮಾತ್ರ ಡಾಕ್ಟರು ಚಹದ ಮಗ್ಗು ಹಿಡಿದು ಬಂದಾಗಲೆಲ್ಲ ನಾನು ಯಾವುದೋ ಫೈಲು ತೆರೆದುಕೊಂಡು ಕೂರುತ್ತಿದ್ದೆ.

"ಅವ ನಿನ್ನ ಕಡೆ ಬರ್ತಾನಂತಲ್ಲ. ಏನಾಗೇತಿ ಅವಂಗ?" ಎಂದರು ಒಮ್ಮೆ.

"ಭುಜ ಸರ್."

"ಬರೇ ಭುಜನಾ? ಏನರ ಹೇಳ್ತಾನೇನು, ಕಂಪನಿದು?"

"ಹೇಳಿದ್ರೂ ನಾನು ಹೇಳೋ ಹಾಗಿಲ್ಲ ಅಲ್ವಾ ಸರ್?"

ಅವರು ನನ್ನ ಮುಖವನ್ನೇ ನೋಡಿದರು. "ಅಂದ್ರ ಏನೋ ಹೇಳ್ಯಾನ," ಎಂದು ಎದ್ದು ಹೋದರು. ಅಂದಿನಿಂದ ಅವರ ಅನುಮಾನದಲ್ಲಿ ನನಗೂ ಒಂದು ಸಣ್ಣ ಪಾಲು ಸಿಕ್ಕಿತು. ಕನ್ನಡದ ಮಾತುಕತೆ ಹವಾಮಾನಕ್ಕೆ, ಅಕ್ಕಿಯ ಬ್ರಾಂಡಿಗೆ ಇಳಿಯಿತು.

ಆಗಸ್ಟಿನಲ್ಲಿ ಮೂರು ದಿನ ಬಿಡದೆ ಮಂಜು ಬಿದ್ದು, ಭಾನುವಾರ ನೀಲಿ ಆಕಾಶ ತೆರೆಯಿತು. ಅಂಥ ದಿನಕ್ಕಾಗಿ ಊರಿನ ರೈತರು ವರ್ಷವಿಡೀ ಕಾಯುತ್ತಾರೆ. ದನಗಳಿಗೆ ಮೇವು ಹಾಕಿ ಅವರು ಮೇಲೆ ಬರುವಷ್ಟರಲ್ಲಿ ದಾರಿಯ ತುಂಬ ಕಾರುಗಳು. ಪಾಸಿನವರು ನಸುಕಿಗೇ ನಗರದಿಂದ ಹೊರಟು ಬಂದಿದ್ದರು. ಸರಪಳಿ ತಾರದೆ ಬಂದ ಒಂದು ಕಾರು ತಿರುವಿನಲ್ಲಿ ಅಡ್ಡ ನಿಂತಿತ್ತು. ಮೇಲೆ ಹೊಸ ಮಂಜಿನ ಮೇಲೆಲ್ಲ ಅವರ ಸ್ಕೀಗಳ ಗೆರೆಗಳು ಆಗಲೇ ಮೂಡಿದ್ದವು. ನನ್ನ ಸ್ಕೀ ಹುಡುಕಿಕೊಡುತ್ತಿದ್ದ ಆ ರೈತ, ಸ್ಕೀ ಕಾರಿನಿಂದ ಇಳಿಸದೆ ಬಾನೆಟ್ಟಿಗೆ ಒರಗಿ ಸ್ಯಾಂಡ್‌ವಿಚ್ ತಿನ್ನುತ್ತಿದ್ದ. ಹೊಸಬರಲ್ಲಿ ಕೆಟ್ಟವರು ಯಾರೂ ಇರಲಿಲ್ಲ. ಸಾಲಿನಲ್ಲಿ ನಿಂತರು, ಬಿದ್ದರು, ನಕ್ಕರು, ಅಡಕತ್ತರಿಯ ಫೋಟೋ ತೆಗೆದುಕೊಂಡರು. ಮಧ್ಯಾಹ್ನ ಲಾಡ್ಜಿನಲ್ಲಿ ಉಂಡು ತಟ್ಟೆಗಳನ್ನು ಮೇಜಿನ ಮೇಲೇ ಬಿಟ್ಟು ಹೋದರು. ತೊಳೆಯಬೇಕೆಂದು ಅವರಿಗೆ ಯಾರೂ ಹೇಳಿರಲಿಲ್ಲ.

ನಾನು ಗುಡಿಸಲಿನಲ್ಲಿ ಡಾಕ್ಟರಿಗೆ ಸಹಾಯ ಮಾಡುತ್ತಿದ್ದೆ. ಹೊರಗೆ ಒಂದು ಕೂಗು ಕೇಳಿಸಿತು. ಹಗ್ಗದ ಮೇಲರ್ಧದಲ್ಲಿ ಒಬ್ಬ ಹೆಂಗಸು ಬಿದ್ದಿದ್ದಳು. ಅವಳ ಜಾಕೆಟ್ಟಿನ ತೋಳು ಇಕ್ಕಳಕ್ಕೆ ಸಿಕ್ಕಿಕೊಂಡು, ಹಗ್ಗ ಅವಳನ್ನು ಮಲಗಿದ ಹಾಗೇ ಎಳೆದುಕೊಂಡು ಹೋಗುತ್ತಿತ್ತು. ಎಲ್ಲರೂ ಎಂಜಿನ್ ಮನೆಯತ್ತ ಕೈ ಬೀಸಿ ಕೂಗಿದರು. ಹಗ್ಗ ನಿಲ್ಲಿಸುವ ಗುಂಡಿಯ ಹತ್ತಿರ ಗ್ರಾಂಟ್ ನಿಂತಿದ್ದರು. ಅವರು ನೋಡಿದ್ದರು. ಅವರ ಕೈ ಹೊರಟಿತ್ತು. ಆದರೆ ಅದು ನೀರಿನೊಳಗೆ ಚಲಿಸುವ ಕೈಯ ಹಾಗೆ ಹೋಗುತ್ತಿತ್ತು. ಕೊನೆಗೆ ಹಗ್ಗವನ್ನು ನಿಲ್ಲಿಸಿದ್ದು ನೆತ್ತಿಯ ರಾಟೆಗೆ ಮುಂಚೆ ಕಟ್ಟಿದ್ದ ತಂತಿ. ಅದಕ್ಕೆ ಏನು ತಾಗಿದರೂ ಎಂಜಿನ್ ತಾನಾಗಿ ಆರುತ್ತದೆ.

ಹೆಂಗಸಿನ ಭುಜ ಕೀಲು ತಪ್ಪಿತ್ತು, ಅಷ್ಟೇ. ಇನ್ನೂ ಏನೇನೋ ಆಗಬಹುದಿತ್ತು. ಅವಳನ್ನು ಮಂಜಿನ ಮೇಲೆ ಎಳೆಯುವ ಸ್ಲೆಡ್ಡಿನಲ್ಲಿ ಇಳಿಸಿ ತಂದರು. ನಾನು ಹಿಡಿದುಕೊಂಡೆ, ಡಾಕ್ಟರು ನಿಧಾನವಾಗಿ ಮಾತಾಡಿಸುತ್ತಲೇ ಕೀಲನ್ನು ಜಾಗಕ್ಕೆ ಕೂರಿಸಿದರು. ಜೊತೆಗೆ ಬಂದ ಪಾಸಿನವರೇ ದಾರಿಯ ಕಾರುಗಳನ್ನು ಒಂದೊಂದಾಗಿ ತಳ್ಳಿ ಸರಿಸಿ, ಅವಳನ್ನು ಕೆಳಗೆ ಒಯ್ಯಲು ಜಾಗ ಮಾಡಿಕೊಟ್ಟರು. ಎಲ್ಲ ಮುಗಿದ ಮೇಲೆ ಡಾಕ್ಟರು ಕೈ ತೊಳೆಯುತ್ತ ಗೋಡೆಗೆ ಹೇಳುವ ಹಾಗೆ ಹೇಳಿದರು:

"ಗುಂಡಿ ಒತ್ತೂದು ಬಿಟ್ಟು ಅವ ಎಲ್ಲಿ ನೋಡಾಕತ್ತಿದ್ದ? ಕಂಪನಿಯವರು ಎಷ್ಟು ಮಂದಿ ಬಂದಾರಂತ ಎಣಿಸಾಕತ್ತಿದ್ದನೇನು?"

ನಾನು ಬ್ಯಾಂಡೇಜಿನ ಸುರುಳಿ ಸುತ್ತುತ್ತಿದ್ದೆ.

ಆದರೆ ಈಗ ಇದು ಬರೀ ಗ್ರಾಂಟ್‌ರ ಗುಟ್ಟಾಗಿ ಉಳಿದಿರಲಿಲ್ಲ, ಬೇರೆಯವರ ಜೀವದ ಪ್ರಶ್ನೆಯೂ ಆಗಿತ್ತು. ಮರುದಿನ ಬೆಳಿಗ್ಗೆ ನಾನೇ ಅವರ ಶೆಡ್ಡಿಗೆ ಹೋದೆ. ಗ್ರಾಂಟ್ ಒಂದು ಡಬ್ಬಿಯ ಮೇಲೆ ಕೂತಿದ್ದರು, ರೇಡಿಯೋ ಆರಿತ್ತು. ನಾನು ಬಾಯಿ ತೆರೆಯುವ ಮುಂಚೆ ಅವರೇ ಹೇಳಿದರು, "ಇನ್ನು ಆ ಗುಂಡಿಯ ಹತ್ತಿರ ನಿಲ್ಲಲ್ಲ. ಬೇರೆಯವರಿಗೆ ಹೇಳಿದ್ದೀನಿ."

"ಕಾರಣ ಹೇಳಿದಿರಾ?"

"ಇಲ್ಲ. ಸಭೆಯಲ್ಲಿ ಹೇಳ್ತೀನಿ."

"ಸಭೆಗೆ ಮುಂಚೆ ಡಾಕ್ಟರಿಗೆ ಹೇಳಿ, ಗ್ರಾಂಟ್. ಊರಿನವರ ಜೊತೆ ಅವರೂ ಒಬ್ಬರಾಗಿ ಕೇಳಿಸಿಕೊಳ್ಳೋದು ಸರಿಯಲ್ಲ."

ಅವರು ಎಡಗೈಯಿಂದ ಬಲಗೈ ಹಿಡಿದುಕೊಂಡು ನೆಲ ನೋಡುತ್ತಿದ್ದರು.

ಗ್ರಾಂಟ್ ಎಂಜಿನ್ ಮನೆ ಬಿಟ್ಟದ್ದನ್ನು ಡಾಕ್ಟರು ತಮ್ಮ ಲೆಕ್ಕಕ್ಕೆ ಸೇರಿಸಿಕೊಂಡರು. "ನೋಡಿದ್ಯಾ, ಕೈ ತೊಳಕೊಂಡ," ಎಂದರು. ಸೆಪ್ಟೆಂಬರಿನಲ್ಲಿ ಬೆಚ್ಚನೆಯ ವಾಯವ್ಯ ಗಾಳಿ ಬೀಸತೊಡಗಿ ಮಂಜು ಹಿಮ್ಮೆಟ್ಟಿತು. ಬೆಟ್ಟದ ಮೈಯಲ್ಲಿ ಕಂದು ಕಲೆಗಳು ಕಾಣಿಸಿಕೊಂಡವು. ಕ್ಲಬ್ಬಿನ ವಾರ್ಷಿಕ ಸಭೆ ಹತ್ತಿರ ಬಂತು. ಪಾಸಿನ ಒಪ್ಪಂದವನ್ನು ಮುಂದುವರಿಸುವುದೋ ಬಿಡುವುದೋ ಎಂದು ಅಲ್ಲಿ ಮತ ಹಾಕಬೇಕಿತ್ತು. ಡಾಕ್ಟರು ಮನೆಮನೆಗೆ ಹೋಗಿ ಮಾತಾಡಿದರು. ಗ್ರಾಂಟ್‌ರನ್ನು ಸಭೆಯಲ್ಲಿ ನೇರವಾಗಿ ಕೇಳುವುದಾಗಿ ಹೇಳಿಕೊಂಡರು: ಕಂಪನಿ ನಿನಗೆ ಏನು ಕೊಡುತ್ತೇನೆಂದಿದೆ? ಇಪ್ಪತ್ತು ವರ್ಷದ ಗೆಳೆಯನಿಗೆ ನಾಲ್ಕು ಜನರ ಎದುರು ಆ ಪ್ರಶ್ನೆ ಕೇಳಿದರೆ ಆಮೇಲೆ ಏನು ಉಳಿಯುತ್ತದೆ ಎಂದು ನನಗೆ ಹೆದರಿಕೆ.

ಭಾನುವಾರ ಮಧ್ಯಾಹ್ನ ಶಾಲೆಯ ಸಭಾಂಗಣ. ಮಕ್ಕಳ ಕುರ್ಚಿಗಳ ಮೇಲೆ ದೊಡ್ಡವರು ಮಂಡಿ ಎತ್ತಿಕೊಂಡು ಕೂತಿದ್ದರು. ಮುಂದಿನ ಸಾಲಿನಲ್ಲಿ ಕಂಪನಿಯಿಂದ ಬಂದ ಒಬ್ಬಳು ಯುವತಿ, ಎಲ್ಲರಿಗೂ ನಗುತ್ತ. ಯಾರೂ ಅವಳ ಪಕ್ಕದ ಕುರ್ಚಿಗಳಲ್ಲಿ ಕೂತಿರಲಿಲ್ಲ. ಡಾಕ್ಟರು ನಡುವಿನ ಸಾಲಿನಲ್ಲಿ, ನಾನು ಅವರ ಪಕ್ಕದಲ್ಲಿ. ಗ್ರಾಂಟ್ ಕಟ್ಟಕಡೆಯ ಸಾಲಿನಲ್ಲಿ, ಬಾಗಿಲ ಹತ್ತಿರ.

ಕಾರ್ಯದರ್ಶಿ ಅಧ್ಯಕ್ಷರ ಹೆಸರು ಕರೆದಳು. ಡಾಕ್ಟರು ಆಗಲೇ ಅರ್ಧ ಎದ್ದು, "ಅವರು ಮಾತಾಡೋಕೆ ಮುಂಚೆ ನನ್ನದೊಂದು ಪ್ರಶ್ನೆ," ಎಂದು ಹಿಂದಕ್ಕೆ ತಿರುಗಿದರು.

ಗ್ರಾಂಟ್ ನಡುದಾರಿಯಲ್ಲಿ ನಡೆದು ಬರುತ್ತಿದ್ದರು. ಸಾಲುಗಳ ನಡುವೆ ಉದ್ದನೆಯ ನೆಲ, ಕಿಟಕಿಯ ಬೆಳಕು. ಎಡಗೈ ಬೀಸುತ್ತಿತ್ತು. ಬಲಗೈ ಪಕ್ಕಕ್ಕೆ ಅಂಟಿಕೊಂಡು ನಿಂತಿತ್ತು. ಹೆಜ್ಜೆಗಳು ನೆಲ ಬಿಟ್ಟೇಳದೆ ಸವರಿಕೊಂಡು ಬರುತ್ತಿದ್ದವು. ಕುರ್ಚಿಯ ಕಾಲೊಂದು ಅಡ್ಡ ಬಂದ ಕಡೆ ಅವರು ನಿಂತುಬಿಟ್ಟು, ದೇಹವನ್ನು ಕಂಬ ತಿರುಗಿಸಿದ ಹಾಗೆ ತಿರುಗಿಸಿ ಮತ್ತೆ ಹೊರಟರು.

ನಾನು ಡಾಕ್ಟರ ಮುಖ ನೋಡುತ್ತಿದ್ದೆ. ಅದರ ಮೇಲಿದ್ದ ಸಿಟ್ಟು ಅಲ್ಲೇ ಇತ್ತು, ಆದರೆ ಕಣ್ಣುಗಳು ಕೆಲಸ ಶುರುಮಾಡಿದ್ದವು. ಕೈ ನೋಡಿದವು, ಕಾಲು ನೋಡಿದವು, ಮುಖ ನೋಡಿದವು. ಬಾಯಿ ತೆರೆದೇ ಇತ್ತು. ಗ್ರಾಂಟ್ ನಮ್ಮ ಸಾಲು ದಾಟಿ ಮುಂದೆ ಹೋದರು. ಡಾಕ್ಟರು ಕೂತರು.

"ನಿನಗ ಗೊತ್ತಿತ್ತು," ಎಂದರು ನನಗೆ, ಪಿಸುಮಾತಿನಲ್ಲಿ.

ನಾನು ತಲೆ ತಗ್ಗಿಸಿದೆ.

"ಹೂಂ. ಹೇಳೂ ಹಂಗಿದ್ದಿಲ್ಲ ನೀನು." ಅವರು ಎರಡೂ ಅಂಗೈಗಳಿಂದ ಮುಖ ಉಜ್ಜಿಕೊಂಡರು. "ನಾ ಡಾಕ್ಟರ್ ಆಗಿ ಏನ್ ಮಾಡಿದೆ? ಪ್ರತಿ ಭಾನುವಾರ ಅವನ ಮುಖಾ ನೋಡಿ, ಇವ ಏನೋ ಮುಚ್ಚಿಡಾಕತ್ತಾನ ಅಂದೆ."

ಗ್ರಾಂಟ್ ಮಾತು ಶುರುಮಾಡಿದರು. ದನಿ ಎರಡನೆಯ ಸಾಲಿಗೂ ಮುಟ್ಟುತ್ತಿರಲಿಲ್ಲ. "ಜೋರಾಗಿ, ಗ್ರಾಂಟ್!" ಎಂದು ಹಿಂದಿನಿಂದ ಯಾರೋ ಕೂಗಿದರು. ಮೇಜಿನ ಮೇಲಿದ್ದ ಮೈಕ್ ಎತ್ತಿಕೊಳ್ಳಲು ಹೋದ ಅವರ ಕೈಯಲ್ಲಿ ಅದು ಕುಣಿದು ಕಟಕಟ ಸದ್ದು ಮಾಡಿತು. ಡಾಕ್ಟರು ಎದ್ದು, ನಡೆದುಹೋಗಿ, ಮೈಕನ್ನು ಗ್ರಾಂಟ್ ಕೈಯಿಂದ ತೆಗೆದುಕೊಂಡು ಅವರ ಬಾಯಿಯ ಹತ್ತಿರ ಹಿಡಿದು ನಿಂತರು. ಒಬ್ಬರು ಇನ್ನೊಬ್ಬರ ಮುಖ ನೋಡಲಿಲ್ಲ.

ಗ್ರಾಂಟ್ ರೋಗದ ಹೆಸರು ಹೇಳಿದರು. ಹಗ್ಗವನ್ನು ತಾವು ಹೆಣೆಯಲಾಗದ್ದು, ಗುಂಡಿಯ ಹತ್ತಿರ ತಡವಾದದ್ದು, ಎಲ್ಲ ಹೇಳಿದರು. "ನನ್ನ ನಂತರ ಯಾರು ಅಂತ ಎರಡು ವರ್ಷ ಕೇಳಿದೆ. ಯಾರೂ ಕೈ ಎತ್ತಲಿಲ್ಲ. ಅದಕ್ಕೆ ಹೊರಗೆ ಹೋಗಿ ಕೇಳಿದೆ. ಇದು ಸರಿ ಅಂತ ನನಗೂ ಪೂರ್ತಿ ನಂಬಿಕೆ ಇಲ್ಲ. ಬೇರೆ ದಾರಿ ಕಾಣಲಿಲ್ಲ," ಎಂದರು. ಮುಂದಿನ ಸಾಲಿನ ಯುವತಿ ನಗುವುದನ್ನು ನಿಲ್ಲಿಸಿದ್ದಳು.

ಮತಕ್ಕೆ ಮುಂಚೆ ಡಾಕ್ಟರಿಗೆ ಪ್ರಶ್ನೆ ಇತ್ತಲ್ಲ ಎಂದು ಕಾರ್ಯದರ್ಶಿ ನೆನಪಿಸಿದಳು. ಮೈಕ್ ಅವರ ಕೈಯಲ್ಲೇ ಇತ್ತು.

"ಪ್ರಶ್ನೆ ಇಲ್ಲ," ಎಂದರು ಇಂಗ್ಲಿಷಿನಲ್ಲಿ. "ಗ್ರಾಂಟ್ ಮೇಲೆ ನನಗಿದ್ದ ಅನುಮಾನ ವಾಪಸ್ ತಗೋತೀನಿ. ಪಾಸಿನ ಮೇಲಿರೋದನ್ನ ತಗೊಳ್ಳಲ್ಲ."

ಮತಕ್ಕೆ ಹಾಕಿದಾಗ ಡಾಕ್ಟರು ಬೇಡ ಎನ್ನುವವರ ಕಡೆ ಕೈ ಎತ್ತಿದರು. ಅವರ ಪಕ್ಕದಲ್ಲೇ ನಿಂತಿದ್ದ ಗ್ರಾಂಟ್ ಬೇಕು ಎನ್ನುವವರ ಕಡೆ ಎಡಗೈ ಎತ್ತಿದರು. ಒಪ್ಪಂದ ಉಳಿಯಿತು.

ಮರುದಿನ ಗ್ರಾಂಟ್ ಚಿಕಿತ್ಸಾಲಯಕ್ಕೆ ಬಂದು, ಇನ್ನು ಮುಂದೆ ನಿನ್ನ ಹತ್ತಿರವೇ ಬರಲೇ ಎಂದು ಡಾಕ್ಟರನ್ನು ಕೇಳಿದರಂತೆ. ಡಾಕ್ಟರು ಒಪ್ಪಲಿಲ್ಲ. ವಾರಕ್ಕೆರಡು ದಿನ ಬರುವ ಇನ್ನೊಬ್ಬ ವೈದ್ಯೆಯ ಹೆಸರು ಕೊಟ್ಟು, ಭಾನುವಾರ ಯೂಟ್ ತರುತ್ತೇನೆ, ತಯಾರಾಗಿರು ಎಂದರಂತೆ. ನನಗೆ ಅದನ್ನು ಹೇಳುವಾಗ, "ಅವಂಗ ಡಾಕ್ಟರ್ ಸಿಗ್ತಾರ ತಂಗಿ," ಎಂದಷ್ಟೇ ಹೇಳಿ ಕಿಟಕಿಯ ಕಡೆ ತಿರುಗಿದರು. ಅಕ್ಟೋಬರ್ ಮುಗಿಯಿತು. ನಾನು ಆಕ್ಲೆಂಡಿಗೆ ಬಂದೆ.

ಎರಡು ಚಳಿಗಾಲ ಕಳೆದ ಮೇಲೆ ಒಮ್ಮೆ ನೋಡಲು ಹೋದೆ. ಪಾಸು ಏನು ಮಾಡಿತು ಎಂದು ನನ್ನನ್ನು ಕೇಳಿದರೆ ನನಗೆ ಒಂದೇ ಮಾತಿನ ಉತ್ತರ ಬರುವುದಿಲ್ಲ. ಹಗ್ಗ ಓಡುತ್ತಿತ್ತು. ಅದನ್ನು ನೋಡಿಕೊಳ್ಳಲು ಸಂಬಳದ ಇಬ್ಬರಿದ್ದರು, ಕೆಲಸ ಬಲ್ಲವರು. ದಾರಿ ಅಗಲವಾಗಿತ್ತು. ಲಾಡ್ಜಿನ ಅಡುಗೆಮನೆಯಲ್ಲಿ ಪಾತ್ರೆ ತೊಳೆಯುವ ಯಂತ್ರ ಬಂದಿತ್ತು. ಬೇಸಿಗೆಯ ಕೆಲಸಕ್ಕೆ ಮಾತ್ರ ಬೆರಳೆಣಿಕೆಯ ಜನ, ಅವರಲ್ಲೂ ಎಲ್ಲರಿಗೂ ತಲೆ ನರೆತಿದೆ ಎಂದಳು ಲಿನ್. ಊರಿನ ಕೆಲವು ಮನೆಗಳವರು ಕ್ಲಬ್ಬಿನ ಸದಸ್ಯತ್ವ ಬಿಟ್ಟು ಕಂಪನಿಯ ಪಾಸನ್ನೇ ಕೊಂಡಿದ್ದರು. ಅದರಲ್ಲಿ ದೊಡ್ಡ ಬೆಟ್ಟಗಳೂ ಸಿಗುತ್ತವೆ, ತಮ್ಮ ಬೆಟ್ಟಕ್ಕೂ ಬರಬಹುದು, ಅತಿಥಿಗಳಾಗಿ. ಲಿನ್‌ಳ ಮಗಳೂ ಹಾಗೇ ಬರುತ್ತಿದ್ದಳು. ಕ್ಲಬ್ಬಿನ ಸದಸ್ಯರು ದೊಡ್ಡ ಬೆಟ್ಟಗಳಿಗೆ ಎಷ್ಟು ದಿನ ಹೋಗಬಹುದು ಎಂಬುದನ್ನು ಕಂಪನಿ ಆ ವರ್ಷ ಕ್ಲಬ್ಬನ್ನು ಕೇಳದೆಯೇ ಬದಲಾಯಿಸಿತ್ತು.

ಭಾನುವಾರ ಡಾಕ್ಟರು ನನ್ನನ್ನೂ ಗ್ರಾಂಟ್‌ರನ್ನೂ ಯೂಟ್‌ನಲ್ಲಿ ಕೂರಿಸಿಕೊಂಡು ಮೇಲೆ ಹೋದರು. ಲಾಡ್ಜಿನ ಮುಂದೆ ಈಗ ಒಂದು ಗೇಟು. ಕೈಯಲ್ಲಿ ಸ್ಕ್ಯಾನರ್ ಹಿಡಿದ ಒಬ್ಬಳು ಹುಡುಗಿ, ಚಳಿಗೆ ಕೆಂಪಾದ ಮೂಗು. ಜನ ಸರದಿಯಲ್ಲಿ ಬಂದು ಎದೆಯ ಮೇಲೆ ತೂಗುವ ಪಾಸು ತೋರಿಸಿ, ಬೀಪ್ ಎನ್ನಿಸಿಕೊಂಡು ಒಳಗೆ ಹೋಗುತ್ತಿದ್ದರು. ಗ್ರಾಂಟ್ ಒಂದು ಕೋಲೂರಿ, ಇನ್ನೊಂದು ಕೈ ಡಾಕ್ಟರ ತೋಳಿಗೆ ಕೊಟ್ಟು ಗೇಟಿನ ಮುಂದೆ ನಿಂತರು.

"ಪಾಸ್ ಪ್ಲೀಸ್," ಎಂದಳು ಹುಡುಗಿ. "ಪಾರ್ಟ್‌ನರ್ ಪಾಸಾ, ಮೆಂಬರಾ?"

ಡಾಕ್ಟರ ಕುತ್ತಿಗೆ ಕೆಂಪಾಯಿತು. ಅವರು ಬಾಯಿ ತೆರೆಯುವಷ್ಟರಲ್ಲಿ ಗ್ರಾಂಟ್ ತಮ್ಮ ಪೂರ್ತಿ ಹೆಸರನ್ನು ನಿಧಾನವಾಗಿ, ಒಂದೊಂದೇ ಅಕ್ಷರವಾಗಿ ಹೇಳಿದರು. ಹುಡುಗಿ ಒಂದು ಕೈಯ ಗ್ಲೋವ್ಸ್ ಹಲ್ಲಿನಿಂದ ಕಿತ್ತು ಟ್ಯಾಬ್ಲೆಟ್ಟಿನಲ್ಲಿ ಒತ್ತಿದಳು.

"ಸಾರಿ, ಲಿಸ್ಟಿನಲ್ಲಿ ಈ ಹೆಸರು ಬರ್ತಾ ಇಲ್ಲ," ಎಂದಳು. ಅವಳ ದನಿಯಲ್ಲಿ ನಿಜವಾದ ಬೇಸರವೇ ಇತ್ತು. "ಸ್ವಲ್ಪ ಪಕ್ಕಕ್ಕೆ ನಿಲ್ತೀರಾ? ಹಿಂದೆ ಜನ ಇದ್ದಾರೆ."

ಗ್ರಾಂಟ್ ಪಕ್ಕಕ್ಕೆ ಸರಿಯಲು ಕೋಲು ಎತ್ತಿದರು. ಡಾಕ್ಟರು ಅವರ ತೋಳನ್ನು ಬಿಗಿಯಾಗಿ ಹಿಡಿದು ಅಲ್ಲೇ ನಿಲ್ಲಿಸಿದರು. ಆಮೇಲೆ ಹಿಂದಕ್ಕೆ ತಿರುಗಿ, ಬಣ್ಣಬಣ್ಣದ ಜಾಕೆಟ್ಟುಗಳ ಆ ಉದ್ದನೆಯ ಸಾಲಿಗೆ ಸಭ್ಯವಾಗಿಯೇ ಹೇಳಿದರು:

"ಎಲ್ಲರೂ ಸ್ವಲ್ಪ ಕಾಯಿರಿ. ಇವರ ಹೆಸರು ಹುಡುಕ್ತಾ ಇದ್ದಾರೆ."

ಸಾಲು ನಿಂತಿತು. ಹುಡುಗಿ ಒಮ್ಮೆ ಡಾಕ್ಟರನ್ನು, ಒಮ್ಮೆ ಗ್ರಾಂಟ್‌ರನ್ನು ನೋಡಿದಳು. ಇನ್ನೊಂದು ಗ್ಲೋವ್ಸನ್ನೂ ಕಳಚಿ, ಮೊದಲ ಅಕ್ಷರದಿಂದ ಮತ್ತೆ ಒತ್ತತೊಡಗಿದಳು.